ಬಿಲ್ಡ್ ಓಡುವಾಗಲೂ ಕರ್ಸರ್ ತಡವರಿಸದಂತೆ: ಲಿನಕ್ಸ್ ಶೆಡ್ಯೂಲರ್ ಬದಲಿಸುವ ಕ್ರಮ

ನನ್ನ ಲ್ಯಾಪ್‌ಟಾಪಿನಲ್ಲಿರುವುದು ನಾಲ್ಕೇ ಕೋರು. ಅದರ ಮೇಲೆ ದಿನವಿಡೀ ಓಡುವುದು ದೊಡ್ಡದೊಂದು ಸಿ++ ಬಿಲ್ಡ್, ಅಂದರೆ ಕೋಡನ್ನು ಓಡುವ ಪ್ರೋಗ್ರಾಮ್ ಆಗಿ ಕಟ್ಟುವ ಕೆಲಸ. ಅದು ಒಂದೆರಡು ನಿಮಿಷ ತಡವಾದರೆ ನನ್ನ ಗಂಟೇನೂ ಹೋಗುವುದಿಲ್ಲ. ಆದರೆ ಆ ಹೊತ್ತಿನಲ್ಲಿ ಎಡಿಟರಿನಲ್ಲಿ ಒತ್ತಿದ ಅಕ್ಷರ ಒತ್ತಿದ ಕೂಡಲೇ ಮೂಡಬೇಕು, ಹಾಡು ತುಂಡಾಗಬಾರದು, ವಿಂಡೋ ಎಳೆದರೆ ಬೆರಳಿನ ಜೊತೆಗೇ ಬರಬೇಕು. ಒಟ್ಟು ಕೆಲಸ ಬೇಗ ಮುಗಿಸುವುದು ಬೇರೆ, ಕರೆದಾಗ ಓಗೊಡುವುದು ಬೇರೆ. ಯಾವ ಕೆಲಸಕ್ಕೆ ಯಾವಾಗ ಸಿಪಿಯು ಕೊಡಬೇಕೆಂದು ತೀರ್ಮಾನಿಸುವ, ಲಿನಕ್ಸಿನ ತಿರುಳಾದ ಕರ್ನಲ್‌ನ ಭಾಗವೇ ಶೆಡ್ಯೂಲರ್. ಅದನ್ನು ಬದಲಿಸುವುದು ಎರಡನೆಯದಕ್ಕಾಗಿ. ಮೊದಲನೆಯದರಲ್ಲಿ ಸ್ವಲ್ಪ ಬಿಟ್ಟುಕೊಡಲು ಮನಸ್ಸಿಲ್ಲದಿದ್ದರೆ ಈ ಗೊಡವೆ ಬೇಡ.

ಕೈ ಹಾಕುವ ಮುಂಚೆ, ತಪ್ಪು ಶೆಡ್ಯೂಲರಿನದೇ ಹೌದಾ ಎಂದು ನೋಡಿಕೊಳ್ಳಿ. ಎಷ್ಟೋ ಸಲ ರ‍್ಯಾಮ್ ಸಾಲದೆ ಡಿಸ್ಕಿನಲ್ಲಿರುವ ಸ್ವಾಪ್‌ಗೆ ಹೋಗಿ ಯಂತ್ರ ಒದ್ದಾಡುತ್ತಿರುತ್ತದೆ, ಬೈಗುಳ ಮಾತ್ರ ಶೆಡ್ಯೂಲರಿಗೆ ಬೀಳುತ್ತದೆ. ಪ್ರಾಕ್ ಅಡಿಯ ಪ್ರೆಷರ್ ಫೋಲ್ಡರಿನಲ್ಲಿ ಸಿಪಿಯು, ಮೆಮೊರಿ, ಐಒ ಎಂಬ ಕಡತಗಳಿವೆ. ಯಂತ್ರ ತಡವರಿಸುತ್ತಿರುವಾಗಲೇ ಅವನ್ನು ಕ್ಯಾಟ್ ಕಮಾಂಡಿನಿಂದ ಓದಿ. ಸಮ್ ಸಾಲಿನ ಎವಿಜಿ10 ಎಂದರೆ ಕಳೆದ 10 ಸೆಕೆಂಡಿನಲ್ಲಿ ಶೇಕಡ ಎಷ್ಟು ಹೊತ್ತು ಕನಿಷ್ಠ ಒಂದು ಕೆಲಸವಾದರೂ ಕಾಯುತ್ತಾ ನಿಂತಿತ್ತು ಎಂಬ ಲೆಕ್ಕ. ಸಿಪಿಯು ಕಡತದ ಫುಲ್ ಸಾಲನ್ನು ನೋಡಿ ಸಮಾಧಾನ ಪಡಬೇಡಿ, ಇಡೀ ಯಂತ್ರದ ಮಟ್ಟದಲ್ಲಿ ಅಲ್ಲಿ ಯಾವಾಗಲೂ ಸೊನ್ನೆಯೇ. ಮೆಮೊರಿ ಅಥವಾ ಐಒ ಅಂಕಿ ಏರಿದ್ದರೆ ಈ ಬರಹದಿಂದ ನಿಮಗೆ ಉಪಯೋಗವಿಲ್ಲ. ಬಿಲ್ಡಿನಲ್ಲಿ ಒಟ್ಟಿಗೆ ಓಡುವ ಜಾಬ್‌ಗಳ ಸಂಖ್ಯೆ ಇಳಿಸಿ, ಇಲ್ಲವೇ ರ‍್ಯಾಮ್ ಹಾಕಿಸಿ. ಸಿಪಿಯು ಒಂದೇ ಏರಿ, ಉಳಿದೆರಡು ತಣ್ಣಗಿದ್ದರೆ ಮುಂದುವರಿಯಿರಿ.

ಎಲ್ಲರೂ ಮೊದಲು ಕೊಡುವ ಸಲಹೆ, ಬಿಲ್ಡನ್ನು ನೈಸ್ 19ರಲ್ಲಿ ಓಡಿಸು ಎಂಬುದು. ನೈಸ್ ಎಂದರೆ ಒಂದು ಕೆಲಸ ಉಳಿದವಕ್ಕೆ ಎಷ್ಟು ದಾರಿ ಬಿಡಬೇಕೆಂಬ ಅಂಕಿ, 19 ಅದರಲ್ಲಿ ಅತಿ ಹೆಚ್ಚು. ಮಾಡಿ ನೋಡಿದವರಿಗೆ ಗೊತ್ತು, ಏನೂ ವ್ಯತ್ಯಾಸ ಕಾಣುವುದಿಲ್ಲ. ಕಾರಣ ಇದು: ಡೆಸ್ಕ್‌ಟಾಪ್‌ಗಳಲ್ಲಿ ಕರ್ನಲ್ ಕೆಲಸಗಳನ್ನು ಗುಂಪು ಕಟ್ಟಿ, ಮೊದಲು ಗುಂಪುಗಳ ನಡುವೆ ಸಿಪಿಯು ಹಂಚುತ್ತದೆ, ಆಮೇಲೆ ಗುಂಪಿನೊಳಗೆ. ಕರ್ನಲ್ ತಾನೇ ಗುಂಪು ಮಾಡುವ, 2011ರಲ್ಲಿ ಬಂದ ಆಟೋಗ್ರೂಪ್ ಆಗಲಿ, ಯಂತ್ರದ ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ಕಟ್ಟುವ ಸಿಗ್ರೂಪ್ ಆಗಲಿ, ಕತೆ ಒಂದೇ. ನೈಸ್ ನಡೆಯುವುದು ಆ ಗುಂಪಿನ ಒಳಗೆ ಮಾತ್ರ. ಟರ್ಮಿನಲ್ ಗುಂಪಿನಲ್ಲಿರುವ ಬಿಲ್ಡ್ ಎಷ್ಟೇ ವಿನಯ ತೋರಿಸಿದರೂ ಪಕ್ಕದ ಗುಂಪಿನ ಬ್ರೌಸರಿಗೆ ಅದರ ಲಾಭವಿಲ್ಲ.

ಆದ್ದರಿಂದ ಶೆಡ್ಯೂಲರ್ ಬದಲಿಸದೆಯೇ ಆಗುವ ಒಂದು ಉಪಾಯ ಮೊದಲು ಮಾಡಿ. ಸಿಸ್ಟಮ್‌ಡಿ-ರನ್ ಕಮಾಂಡಿಗೆ ಯೂಸರ್ ಮತ್ತು ಸ್ಕೋಪ್ ಆಯ್ಕೆಗಳನ್ನು ಕೊಟ್ಟು, ಪ್ರಾಪರ್ಟಿಯಾಗಿ ಸಿಪಿಯುವೇಟ್ ಸಮ 20 ಎಂದು ಸೇರಿಸಿ, ಕೊನೆಗೆ ನಿಮ್ಮ ಮೇಕ್ ಅಥವಾ ನಿಂಜಾ ಕಮಾಂಡ್ ಬರೆಯಿರಿ. ಸಾಮಾನ್ಯ ತೂಕ 100, ಹಾಗಾಗಿ ಕಿತ್ತಾಟ ಬಂದಾಗ ಬಿಲ್ಡ್ ಗುಂಪಿಗೆ ಉಳಿದ ಅಪ್ಲಿಕೇಶನ್‌ಗಳ ಐದನೇ ಒಂದು ಪಾಲು. ಬೇರೆ ಯಾರಿಗೂ ಬೇಡವಾದ ಸಿಪಿಯು ಎಲ್ಲ ಅದಕ್ಕೇ ಸಿಗುತ್ತದೆ. ಹಲವರಿಗೆ ಇಷ್ಟೇ ಸಾಕು.

ಸಾಲದಿದ್ದರೆ ಶೆಡ್ಯೂಲರಿಗೆ ಬರೋಣ. 2007ರ 2.6.23 ಕರ್ನಲ್‌ನಿಂದ ಸಿಎಫ್‌ಎಸ್ ಎಂಬ ಶೆಡ್ಯೂಲರ್ ಇತ್ತು, 2023ರ 6.6ರಲ್ಲಿ ಅದರ ಜಾಗಕ್ಕೆ ಇಇವಿಡಿಎಫ್ ಬಂತು. ನ್ಯಾಯವಾದ ಪಾಲು ಇನ್ನೂ ಬಾಕಿ ಇರುವ ಕೆಲಸಗಳಲ್ಲಿ ಯಾರ ಗಡುವು ಹತ್ತಿರವೋ ಅವರಿಗೆ ಇದು ಮೊದಲು ಸರದಿ ಕೊಡುತ್ತದೆ. ಕೆಟ್ಟದ್ದೇನಲ್ಲ, ಆದರೆ ಸರ್ವರ್, ಫೋನು, ಲ್ಯಾಪ್‌ಟಾಪ್ ಎಲ್ಲಕ್ಕೂ ಒಂದೇ ಅಳತೆಯ ಅಂಗಿ ಅದು. ಡೆಸ್ಕ್‌ಟಾಪಿಗೇ ಬೇರೆ ಬೇಕೆಂದು ಹಟ ಹಿಡಿದವರಲ್ಲಿ ಕಾನ್ ಕೊಲಿವಾಸ್ ಪ್ರಮುಖರು. ವೃತ್ತಿಯಿಂದ ಅರಿವಳಿಕೆ ವೈದ್ಯರು, 2009ರಲ್ಲಿ ತಮ್ಮದೇ ಶೆಡ್ಯೂಲರ್ ಬಿಎಫ್‌ಎಸ್ ಬರೆದರು. ಆಗೆಲ್ಲ ಪ್ಯಾಚ್ ಹಚ್ಚಿ ಇಡೀ ಕರ್ನಲ್ ಮತ್ತೆ ಕಟ್ಟಬೇಕಿತ್ತು. 2024ರ 6.12ರಲ್ಲಿ ಸ್ಕೆಡ್-ಎಕ್ಸ್ಟ್ ಎಂಬ ಸೌಲಭ್ಯ ಸೇರಿದ ಮೇಲೆ ಆ ಕಾಟ ತಪ್ಪಿತು. ಶೆಡ್ಯೂಲರನ್ನು ಬಿಪಿಎಫ್ (ಕರ್ನಲ್ ಒಳಗೇ ಸುರಕ್ಷಿತವಾಗಿ ಓಡಿಸಬಹುದಾದ ಪುಟ್ಟ) ಪ್ರೋಗ್ರಾಮ್ ಆಗಿ ಓಡುತ್ತಿರುವ ಕರ್ನಲ್‌ಗೇ ತುಂಬಿಸಬಹುದು, ರೀಬೂಟ್ ಬೇಡ.

ಯುನೇಮ್ ಕಮಾಂಡಿನಿಂದ ನಿಮ್ಮ ಕರ್ನಲ್ 6.12 ಅಥವಾ ಅದಕ್ಕಿಂತ ಹೊಸದು ಎಂದು ಖಚಿತಪಡಿಸಿಕೊಳ್ಳಿ. ಸಿಸ್ ಅಡಿಯ ಕರ್ನಲ್ ಫೋಲ್ಡರಿನಲ್ಲಿ ಸ್ಕೆಡ್_ಎಕ್ಸ್ಟ್ ಎಂಬುದು ಇರಬೇಕು. ಇಲ್ಲದಿದ್ದರೆ ನಿಮ್ಮ ಲಿನಕ್ಸ್ ವಿತರಣೆಯವರು ಆ ಸೌಲಭ್ಯ ಸೇರಿಸದೆ ಕರ್ನಲ್ ಕಟ್ಟಿದ್ದಾರೆ. ಆರ್ಚ್‌ನಲ್ಲಿ ಎಸ್‌ಸಿಎಕ್ಸ್-ಸ್ಕೆಡ್ಸ್ ಪ್ಯಾಕೇಜ್ ಹಾಕಿಕೊಳ್ಳಿ. ಆಮೇಲೆ ಒಂದು ಟರ್ಮಿನಲ್ ತೆರೆದು ಸುಡೋ ಜೊತೆ ಎಸ್‌ಸಿಎಕ್ಸ್_ಬಿಪಿಎಫ್‌ಲ್ಯಾಂಡ್ ಓಡಿಸಿ, ಅದನ್ನು ಹಾಗೇ ಬಿಡಿ. ಇನ್ನೊಂದು ಟರ್ಮಿನಲ್‌ನಲ್ಲಿ ಅದೇ ಸ್ಕೆಡ್_ಎಕ್ಸ್ಟ್ ಫೋಲ್ಡರಿನ ಸ್ಟೇಟ್ ಕಡತ ಓದಿ. ಎನೇಬಲ್ಡ್ ಎಂದಿದ್ದರೆ ಹೊಸ ಶೆಡ್ಯೂಲರ್ ಅಧಿಕಾರಕ್ಕೆ ಬಂದಿದೆ. ಬೇಡವೆನಿಸಿದರೆ ಮೊದಲ ಟರ್ಮಿನಲ್‌ನಲ್ಲಿ ಕಂಟ್ರೋಲ್-ಸಿ ಒತ್ತಿ, ಹಳೆಯದು ತಕ್ಷಣ ಮರಳುತ್ತದೆ.

ಯಂತ್ರವೇ ಕೈಕೊಟ್ಟರೆ ಎಂಬ ಭಯ ಸಹಜ. ಓಡಲು ಸಿದ್ಧವಾದ ಕೆಲಸವನ್ನು ಹೊಸ ಶೆಡ್ಯೂಲರ್ ಹಾಗೇ ಕಾಯಿಸಿಬಿಟ್ಟರೆ, ಹೆಚ್ಚೆಂದರೆ 30 ಸೆಕೆಂಡಿನೊಳಗೆ ಕರ್ನಲ್ ಅದನ್ನು ಹೊರದಬ್ಬುತ್ತದೆ. ಅಷ್ಟು ತಾಳ್ಮೆ ಇಲ್ಲದಿದ್ದರೆ ಆಲ್ಟ್, ಸಿಸ್‌ಆರ್‌ಕ್ಯು (ಸಾಮಾನ್ಯವಾಗಿ ಪ್ರಿಂಟ್ ಸ್ಕ್ರೀನ್ ಕೀಲಿ), ಶಿಫ್ಟ್ ಹಿಡಿದು ಎಸ್ ಒತ್ತಿ. ಶಿಫ್ಟ್ ಮರೆತರೆ ಅದು ಡಿಸ್ಕ್ ಸಿಂಕ್ ಮಾಡುವ ಹಳೆಯ ಕೀಲಿ. ಸಿಸ್‌ಆರ್‌ಕ್ಯುಗೆ ಕಡಿವಾಣ ಹಾಕಿರುವ ವಿತರಣೆಗಳಿವೆ, ಮೊದಲೇ ಪರೀಕ್ಷಿಸಿಡಿ.

ಯಾವುದನ್ನು ಆರಿಸುವುದು? ಬಿಪಿಎಫ್‌ಲ್ಯಾಂಡ್ ಆಗಾಗ ನಿದ್ದೆಗೆ ಜಾರಿ, ಎದ್ದಾಗ ಚೂರೇ ಚೂರು ಸಿಪಿಯು ಬಳಸುವ ಕೆಲಸಗಳಿಗೆ ಒಲವು ತೋರುತ್ತದೆ. ಎಡಿಟರು, ಆಡಿಯೊ, ಕಾಂಪೋಸಿಟರ್ (ವಿಂಡೋಗಳನ್ನು ಪರದೆಯ ಮೇಲೆ ಜೋಡಿಸುವ ಪ್ರೋಗ್ರಾಮ್) ಎಲ್ಲ ಆ ಜಾತಿಯವೇ. ಎಲ್‌ಎವಿಡಿ ಎಂಬ ಇನ್ನೊಂದು ಶೆಡ್ಯೂಲರ್ ಯಾವ ಕೆಲಸ ಯಾವುದನ್ನು ಎಬ್ಬಿಸುತ್ತದೆ ಎಂಬ ಸರಪಳಿಯನ್ನೂ ಗಮನಿಸುತ್ತದೆ. ಸ್ಟೀಮ್ ಡೆಕ್‌ನ ಆಟಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು ಅದು. ಆಟ ಆಡುವವರು ಅದರಿಂದ ಶುರು ಮಾಡಿ. ನನ್ನ ಕೆಲಸಕ್ಕೆ ಬಿಪಿಎಫ್‌ಲ್ಯಾಂಡೇ ಒಗ್ಗಿದೆ. ಎಸ್‌ಸಿಎಕ್ಸ್_ಸಿಂಪಲ್ ಬರೀ ಮಾದರಿ, ಅದರ ಸಹವಾಸ ಬೇಡ.

ಒಂದು ಸೂಕ್ಷ್ಮವನ್ನು ಯಾರೂ ಹೇಳುವುದಿಲ್ಲ. ಇಂಥ ಶೆಡ್ಯೂಲರ್‌ಗಳಲ್ಲಿ ಹೆಚ್ಚಿನವು ಸಿಗ್ರೂಪ್ ತೂಕವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮೇಲೆ ಹೇಳಿದ ಸಿಪಿಯುವೇಟ್ ಉಪಾಯ ಅಲ್ಲಿಗೆ ಸತ್ತಂತೆ. ಬದಲಿಗೆ ಕೆಲಸಗಳೆಲ್ಲ ಒಂದೇ ಅಂಗಳಕ್ಕೆ ಬರುವುದರಿಂದ ಹಳೆಯ ನೈಸ್ ಮತ್ತೆ ಜೀವ ಪಡೆಯುತ್ತದೆ. ಬಿಪಿಎಫ್‌ಲ್ಯಾಂಡ್ ಇರುವಾಗ ನಾನು ಬಿಲ್ಡನ್ನು ನೈಸ್ 19ರಲ್ಲೇ ಓಡಿಸುತ್ತೇನೆ, ಫಲ ಕಾಣುತ್ತದೆ.

ಕಾಣುತ್ತದೆ ಎಂದೆ, ಆದರೆ ಕಣ್ಣನ್ನು ನಂಬಬೇಡಿ. ಹೊಸದು ಹಾಕಿದ ಮೊದಲ ಗಂಟೆ ಎಲ್ಲವೂ ನುಣುಪಾಗಿಯೇ ತೋರುತ್ತದೆ. ಕರ್ನಲ್ ಕೆಲಸ ಅಳೆಯುವ ಪರ್ಫ್ ಉಪಕರಣದ ಪರ್ಫ್ ಸ್ಕೆಡ್ ರೆಕಾರ್ಡ್ ಕಮಾಂಡನ್ನು ಬಿಲ್ಡ್ ನಡೆಯುವಾಗ ಹತ್ತು ಸೆಕೆಂಡು ಓಡಿಸಿ, ನಂತರ ಪರ್ಫ್ ಸ್ಕೆಡ್ ಲೇಟೆನ್ಸಿ ಕೊಡಿ. ಪಟ್ಟಿಯಲ್ಲಿ ನಿಮ್ಮ ಕಾಂಪೋಸಿಟರ್ ಹುಡುಕಿ. ಕೆಡಿಇ ಆದರೆ ಕೆವಿನ್, ಗ್ನೋಮ್ ಆದರೆ ಗ್ನೋಮ್-ಶೆಲ್. ಸರಾಸರಿಯನ್ನು ಬಿಟ್ಟು ಗರಿಷ್ಠ ವಿಳಂಬ ನೋಡಿ. 60 ಹರ್ಟ್ಜ್ ಪರದೆಯಲ್ಲಿ ಒಂದು ಫ್ರೇಮಿಗೆ ಸಿಗುವುದು 16.7 ಮಿಲಿಸೆಕೆಂಡ್. ಅದರಲ್ಲಿ ಹತ್ತು ಬರೀ ಸರದಿ ಕಾಯುವುದರಲ್ಲೇ ಹೋದರೆ ಆ ಫ್ರೇಮ್ ತಪ್ಪುವ ಸಾಧ್ಯತೆಯೇ ಹೆಚ್ಚು. ಹಳೆಯ ಶೆಡ್ಯೂಲರಿನಲ್ಲೂ ಅದೇ ಬಿಲ್ಡ್ ಓಡಿಸಿ ಹೋಲಿಸಿ. ಅಂಕಿ ಇಳಿಯದಿದ್ದರೆ ಹಳೆಯದೇ ಇರಲಿ.

ಬೂಟ್ ಆದೊಡನೆ ತಾನೇ ಶುರುವಾಗುವಂತೆ ಸರ್ವಿಸ್ ಮಾಡಿಕೊಳ್ಳಬಹುದು, ನಾನು ಮಾಡಿಲ್ಲ. ಬಿಲ್ಡ್ ಸ್ಕ್ರಿಪ್ಟಿನ ಮೊದಲಿಗೆ ಅದನ್ನು ಎಬ್ಬಿಸಿ, ಮುಗಿದ ಮೇಲೆ ನಿಲ್ಲಿಸುತ್ತೇನೆ. ಪ್ರತಿ ಸಲ ಕರ್ನಲ್ ಅಪ್‌ಡೇಟ್ ಆದಾಗ ಸ್ಟೇಟ್ ಕಡತವನ್ನು ಮತ್ತೊಮ್ಮೆ ಓದಿ. ಶೆಡ್ಯೂಲರ್ ಬಿದ್ದುಹೋದರೂ ಯಂತ್ರ ಏನೂ ಆಗದಂತೆ ಹಳೆಯದರ ಮೇಲೆ ನಡೆದುಕೊಂಡಿರುತ್ತದೆ, ಕಾರಣ ಮಾತ್ರ ಕರ್ನಲ್ ಸಂದೇಶಗಳ ಡಿಮೆಸೇಜ್ ಲಾಗಿನಲ್ಲಿ ಒಂದು ಸಾಲಾಗಿ ಬಿದ್ದಿರುತ್ತದೆ.