ಮಳೆಪುಸ್ತಕ ಇಡುವ ಬಗೆ

ಮಳೆಗಾಲದಲ್ಲಿ ಬೆಳಿಗ್ಗೆ ಎಂಟೂವರೆಗೆ ನನಗೆ ಯಾರೂ ಫೋನ್ ಮಾಡುವುದಿಲ್ಲ. ಆ ಹೊತ್ತಿಗೆ ನಾನು ಕಂಬಳಿಕೊಪ್ಪೆ ಹೊದ್ದು ಅಂಗಳದ ತುದಿಯಲ್ಲಿ ಕ್ಯಾನು ಬಗ್ಗಿಸುತ್ತಿರುತ್ತೇನೆ ಎಂಬುದು ಸಿರ್ಸಿಯಿಂದ ಕುಮಟೆಯವರೆಗೆ ನೆಂಟರಿಗೆಲ್ಲ ಗೊತ್ತು. ಮೊದಲು ನಕ್ಕವರೇ ಈಗ ಆಷಾಢದಲ್ಲಿ "ನಿಮ್ಮಲ್ಲಿ ಎಷ್ಟಾತು?" ಎಂದು ಕೇಳುತ್ತಾರೆ. ಈ ವರ್ಷ ನಾಲ್ಕು ಮನೆಯವರು ತಾವೂ ಮಳೆ ಅಳೆಯುತ್ತೇವೆ, ಹೇಗೆಂದು ಬರೆದುಕೊಡು ಎಂದು ಹಿಂದೆ ಬಿದ್ದರು. ಅದಕ್ಕೇ ಇದು.

ಶುರುವಾದದ್ದು ಬಿಡದ ಮಳೆಗೆ ಅಡಿಕೆಯನ್ನು ಹಿಡಿಯುವ ಕೊಳೆರೋಗದಿಂದ. 2013ರ ಮಳೆಗಾಲದಲ್ಲಿ ನಮ್ಮ ತೋಟದ ಅರ್ಧ ಅಡಿಕೆ ಎಳೆಗಾಯಾಗಿದ್ದಾಗಲೇ ಉದುರಿತು. ಎಷ್ಟು ದಿನ ಬಿಡದೆ ಹೊಯ್ದಿತ್ತು ಎಂದು ಮಾತು ಬಂದಾಗ ಅತ್ತೆ ನಲವತ್ತು ದಿನ ಎಂದರು, ನಮ್ಮ ಮನೆಯವರು ಇಪ್ಪತ್ತೈದು ಎಂದರು, ಮದ್ದು ಹೊಡೆಯಲು ಬರುವ ಕೊನೆಗೌಡ "ಬಿಟ್ಟಿದ್ದು ಯಾವಾಗ?" ಎಂದ. ಒಂದೇ ಅಂಗಳ, ಒಂದೇ ಮಳೆ, ಮೂರು ಲೆಕ್ಕ. ಮರುವರ್ಷ ಮಿರಗಕ್ಕೆ (ಮೃಗಶಿರಾ ಮಳೆಗೆ) ಮೊದಲು ನಾನು ಅಳೆಯಲು ಕೂತೆ.

ಬೇಕಾದ್ದು ಇಷ್ಟು: ಪ್ಲಾಸ್ಟಿಕ್ ಫನಲ್, ಐದು ಲೀಟರಿನ ಕ್ಯಾನು, ಒಂದು ಬಕೆಟ್, ಅಳತೆಯ ಜಾರು, ಮತ್ತು ಆರಿಂಚಿನ ಪಿವಿಸಿ ಪೈಪಿನ ಒಂದು ಗೇಣು ತುಂಡು. ಪೈಪ್ ಯಾಕೆಂದರೆ ಬರೀ ಫನಲ್ ಇಟ್ಟರೆ ನಮ್ಮ ಮಳೆಯ ದಪ್ಪ ಹನಿ ಇಳಿಜಾರಿಗೆ ಬಡಿದು ಹೊರಗೆ ಸಿಡಿಯುತ್ತದೆ. ಪೈಪಿನ ತುಂಡನ್ನು ಫನಲ್ಲಿನ ಬಾಯಿಯ ಮೇಲೆ ನೆಟ್ಟಗೆ ನಿಲ್ಲಿಸಿ ಎಂ-ಸೀಲ್ ಮೆತ್ತಿ. ಸಿಡಿದ ಹನಿ ಗೋಡೆಗೆ ಬಡಿದು ಒಳಗೇ ಇಳಿಯುತ್ತದೆ. ಫನಲ್ಲಿನ ಬಾಲ ಕ್ಯಾನಿನೊಳಗೆ, ಕ್ಯಾನು ಬಕೆಟ್ಟಿನೊಳಗೆ, ಬಕೆಟ್ಟು ಅರ್ಧ ನೆಲದೊಳಗೆ. ಪೈಪಿನ ಅಂಚು ನೆಲದಿಂದ 30 ಸೆಂ.ಮೀ. ಎತ್ತರದಲ್ಲಿರಲಿ, ಹವಾಮಾನ ಇಲಾಖೆಯ ಮಾಪಕದ ಹಾಗೆ.

ಈಗ ಒಂದೇ ಒಂದು ಲೆಕ್ಕ. ಪೈಪಿನ ಒಳವ್ಯಾಸವನ್ನು ಸೆಂಟಿಮೀಟರಿನಲ್ಲಿ ಅಳೆಯಿರಿ. ಅಂಗಡಿಯವ ಹೇಳಿದ್ದನ್ನು ನಂಬಬೇಡಿ. ವ್ಯಾಸವನ್ನು ಅದರಿಂದಲೇ ಗುಣಿಸಿ, ಮತ್ತೆ 0.785ರಿಂದ ಗುಣಿಸಿ, 10ರಿಂದ ಭಾಗಿಸಿ. ನನ್ನದು 15.2 ಸೆಂ.ಮೀ.; ಲೆಕ್ಕ ಹಾಕಿದರೆ 18.1 ಬರುತ್ತದೆ. ಅಂದರೆ ಕ್ಯಾನಿನಲ್ಲಿ 18.1 ಮಿಲಿಲೀಟರ್ ನೀರಿದ್ದರೆ ಒಂದು ಮಿಲಿಮೀಟರ್ ಮಳೆ. ಈ ಸಂಖ್ಯೆಯನ್ನು ಪುಸ್ತಕದ ರಟ್ಟಿನ ಮೇಲೆ ದೊಡ್ಡದಾಗಿ ಬರೆದಿಡಿ. ನನ್ನ ಐದು ಲೀಟರ್ ಕ್ಯಾನು ಸುಮಾರು 275 ಮಿ.ಮೀ. ತನಕ ತಡೆಯುತ್ತದೆ. ಘಟ್ಟದ ಕೆಳಗಿನವರು ಹತ್ತು ಲೀಟರಿನದ್ದೇ ಇಡುವುದು ಕ್ಷೇಮ. ಜಾರಿಗೆ ಮದ್ದಿನಂಗಡಿಯ ಅಳತೆ ಲೋಟ ಸಾಕು, ಚಿಲ್ಲರೆ ಹನಿಗೆ ಸೂಜಿಯಿಲ್ಲದ ಸಿರಿಂಜು. ಮೈಲುತುತ್ತ ಅಳೆದ ಪಾತ್ರೆಯಲ್ಲೇ ಅಳೆದರೆ ಮಳೆಗೇನೂ ಆಗುವುದಿಲ್ಲ, ಆದರೆ ಆ ನೀರನ್ನು ಬಾಳೆಗಿಡಕ್ಕೆ ಹೊಯ್ಯಬೇಡಿ.

ಎಲ್ಲಿಡುವುದು ಎಂಬುದೇ ತಲೆಬಿಸಿಯ ಸಂಗತಿ. ಸುತ್ತಲಿನ ಮರ, ಮನೆಯ ಮಾಡು ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರ ಇರಬೇಕು ಎನ್ನುವುದು ನಿಯಮ. ಅರವತ್ತಡಿ ಅಡಿಕೆಮರದ ನಡುವೆ ಬದುಕುವ ನಾವು ನೂರಿಪ್ಪತ್ತು ಅಡಿ ಬಯಲನ್ನು ಎಲ್ಲಿಂದ ತರೋಣ? ಇದ್ದುದರಲ್ಲಿ ಬಯಲಾದದ್ದು ಅಡಿಕೆ ಒಣಗಿಸುವ ಅಂಗಳ. ಅದರ ತುದಿಯಲ್ಲಿ, ಮಾಡಿನ ಹನಿ ಸಿಡಿಯದ ಕಡೆ ಇಡಿ. ನಾನು ಹಾಗೇ ಇಟ್ಟೆ. ಹತ್ತಿರದಲ್ಲಿ ಸೊಂಟದೆತ್ತರದ ಒಂದು ಚಿಕ್ಕು ಗಿಡವಿತ್ತು. ಅದರ ಕತೆ ಮುಂದೆ ಬರುತ್ತದೆ.

ದಿನಾ ಬೆಳಿಗ್ಗೆ 8.30ಕ್ಕೇ ಅಳೆಯಿರಿ. ಇಲಾಖೆಯ ದಿನ ಮುಗಿಯುವುದು ಆಗಲೇ. 17ನೇ ತಾರೀಕು ಬೆಳಿಗ್ಗೆ ಅಳೆದದ್ದನ್ನು 17ರ ಎದುರಿಗೇ ಬರೆಯುವುದು ರೂಢಿ, ಸುರಿದದ್ದು 16ರ ಸಂಜೆಯಾದರೂ. ಇದು ಗೊತ್ತಿಲ್ಲದೆ ಪೇಪರಿನ ಅಂಕಿ ಸುಳ್ಳೆಂದು ಜಗಳ ಕಾದವರನ್ನು ನೋಡಿದ್ದೇನೆ. ಪೆನ್ಸಿಲ್ಲಿನಲ್ಲಿ ಬರೆಯಿರಿ, ಜುಲೈ ತಿಂಗಳ ಥಂಡಿಗೆ ಶಾಯಿ ಹರಡುತ್ತದೆ. ಮಳೆ ಇಲ್ಲದ ದಿನ ಸೊನ್ನೆ ಬರೆಯಿರಿ, ಜಾಗ ಖಾಲಿ ಬಿಡಬೇಡಿ. ಖಾಲಿ ಎಂದರೆ ನೋಡಲಿಲ್ಲ ಎಂದರ್ಥ. ಮದುವೆ ಮನೆಗೆ ಹೋಗಿ ಎರಡು ದಿನ ತಪ್ಪಿದರೆ ಒಟ್ಟು ಅಂಕಿಯನ್ನು ಕೊನೆಯ ದಿನದ ಎದುರು ಬರೆದು "ಎರಡು ದಿನದ್ದು" ಎನ್ನಿ, ಅಂದಾಜಿಗೆ ಹಂಚಬೇಡಿ. ಹವಾಯಿ ದ್ವೀಪದ ಮೌನಾ ಲೋವಾ ಪರ್ವತದಲ್ಲಿ ಚಾರ್ಲ್ಸ್ ಕೀಲಿಂಗ್ ಎಂಬವರು 1958ರಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡ್ ಅಳೆಯಲು ಶುರುಮಾಡಿದರು. ಆಗ ಹತ್ತು ಲಕ್ಷಕ್ಕೆ 315ರ ಆಸುಪಾಸು ಇತ್ತು, ಈಗ 420 ದಾಟಿದೆ. 1964ರಲ್ಲಿ ದುಡ್ಡಿನ ಅಡಚಣೆಯಿಂದ ಕೆಲವು ತಿಂಗಳು ಅಳತೆ ನಿಂತಿತು. ಆ ತಿಂಗಳುಗಳಿಗೆ ಇವತ್ತಿಗೂ ಅಳತೆಯಿಲ್ಲ. ಅತ್ತೆಯ ತಿಥಿಗೆಂದು ನಾನು ತಪ್ಪಿಸಿದ ದಿನಗಳನ್ನು ಕಂಡಾಗ ಆ ಮಾರಾಯರ ನೆನಪಾಗುತ್ತದೆ.

ಇನ್ನು ಚಿಕ್ಕು ಗಿಡ. ಆರನೇ ವರ್ಷ ನಾನು ಸೊಸೈಟಿಯ ಸಭೆಯಲ್ಲಿ ಎದ್ದುನಿಂತು, ನಮ್ಮೂರಲ್ಲಿ ಮಳೆ ವರ್ಷವರ್ಷಕ್ಕೆ ಕಡಿಮೆಯಾಗುತ್ತಿದೆ, ಇಲ್ಲಿದೆ ಪುಸ್ತಕ ಎಂದೆ. ಚಪ್ಪಾಳೆಯೂ ಬಿತ್ತು. ಹಳ್ಳದಾಚೆಯ ಮನೆಯ ನಿವೃತ್ತ ಮಾಸ್ತರರೊಬ್ಬರು ಸಭೆಯಲ್ಲಿ ಏನೂ ಹೇಳದೆ ಸಂಜೆ ತಮ್ಮ ಪುಸ್ತಕ ಹಿಡಿದು ಬಂದರು. ಅವರೂ ಅಳೆಯುತ್ತಿದ್ದರು! ಇಬ್ಬರೂ ಜಗುಲಿಯ ಮೇಲೆ ಕೂತು ವರ್ಷವರ್ಷದ ಮೊತ್ತವನ್ನು ಪಕ್ಕಪಕ್ಕ ಬರೆದೆವು. ಮೊದಲ ಎರಡು ವರ್ಷ ಅವರಲ್ಲಿ ನೂರು ಬಿದ್ದಾಗ ನನ್ನಲ್ಲಿ 97, 98. ಆಮೇಲೆ 94, 91. ಆರನೇ ವರ್ಷಕ್ಕೆ 85. ಮಾಸ್ತರರು ಎದ್ದು ಅಂಗಳಕ್ಕೆ ಹೋಗಿ ಚಿಕ್ಕು ಮರದ ಕೆಳಗೆ ನಿಂತು ಮೇಲೆ ನೋಡಿದರು. ಮಾಪಕದ ಮೇಲೆ ಕೊಂಬೆ ಚಾಚಿತ್ತು. ನೈಋತ್ಯದಿಂದ ಬೀಸುವ ಮಳೆಯನ್ನು ಮರ ತಡೆಯುತ್ತಿತ್ತು. ಕಡಿಮೆಯಾದದ್ದು ಮಳೆಯಲ್ಲ, ನನ್ನ ಅಂಗಳದ ಆಕಾಶ.

ನಾಚಿಕೆಯಾಯಿತು, ಆದರೆ ದೊಡ್ಡ ಪಾಠವೂ ಆಯಿತು. ಹವಾಮಾನದ ಚರ್ಚೆಯಲ್ಲಿ "ವಿಜ್ಞಾನಿಗಳು ಹಳೆಯ ಅಂಕಿ ತಿದ್ದುತ್ತಾರೆ" ಎಂಬ ದೂರು ನಿಮ್ಮ ವಾಟ್ಸಾಪಿಗೂ ಬಂದಿರಬಹುದು. ತಿದ್ದುವುದು ಹೌದು. ಮಾಪಕದ ಪಕ್ಕ ಮರ ಬೆಳೆಯುತ್ತದೆ, ಕಟ್ಟಡ ಏಳುತ್ತದೆ, ಉಷ್ಣಮಾಪಕವನ್ನು ಬೇರೆ ಕಡೆ ಒಯ್ಯುತ್ತಾರೆ. ಹಿಂದೆ ಹಡಗಿನವರು ಬಕೆಟ್ಟಿನಲ್ಲಿ ಸಮುದ್ರದ ನೀರು ಎತ್ತಿ ಬಿಸಿ ನೋಡುತ್ತಿದ್ದರು. ಎತ್ತುವಷ್ಟರಲ್ಲಿ ನೀರು ತುಸು ತಣಿಯುತ್ತಿತ್ತು. ಅದನ್ನು ಸರಿಪಡಿಸಿದಾಗ ಹಳೆಯ ಸಮುದ್ರ ಕಂಡದ್ದಕ್ಕಿಂತ ಬೆಚ್ಚಗಿತ್ತೆಂದು ತಿಳಿಯುತ್ತದೆ, ಒಟ್ಟಾರೆ ಏರಿಕೆ ಸ್ವಲ್ಪ ಕಮ್ಮಿಯೇ ಆಗುತ್ತದೆ. ದೂರಿನವರು ಈ ಭಾಗವನ್ನು ಹೇಳುವುದಿಲ್ಲ. ಅಮೆರಿಕದ ಭೌತವಿಜ್ಞಾನಿ ರಿಚರ್ಡ್ ಮುಲ್ಲರ್ ಇದೇ ಸಂಶಯದಿಂದ ಎಲ್ಲವನ್ನೂ ಮೊದಲಿನಿಂದ ಲೆಕ್ಕ ಹಾಕಲು ಹೊರಟು, 2012ರಲ್ಲಿ ಭೂಮಿ ಬಿಸಿಯಾದದ್ದು ನಿಜ, ಕಾರಣ ಮನುಷ್ಯರೇ ಎಂದು ಒಪ್ಪಿ ಬರೆದರು.

ಹಾಗಾಗಿ ಒಬ್ಬರೇ ಅಳೆಯಬೇಡಿ, ಜೋಡಿ ಹುಡುಕಿ. ಅರ್ಧ ಮೈಲಿ ಒಳಗಿನ ಒಂದು ಮನೆ ಸಾಕು. ದಿನದ ಅಂಕಿ ಹೊಂದುವುದಿಲ್ಲ, ಚಿಂತೆಯಿಲ್ಲ. ವರ್ಷದ ಮೊತ್ತಗಳ ಪ್ರಮಾಣ ಒಂದೇ ದಿಕ್ಕಿಗೆ ಸರಿಯುತ್ತ ಹೋದರೆ ಇಬ್ಬರಲ್ಲೊಬ್ಬರ ಅಂಗಳದಲ್ಲಿ ಏನೋ ಆಗಿದೆ. ನಾನು ಚಿಕ್ಕು ಮರ ಕಡಿಯಲಿಲ್ಲ, ಹಣ್ಣು ಚೆನ್ನಾಗಿ ಬಿಡುತ್ತಿತ್ತು. ಮಾಪಕವನ್ನೇ ಆಚೆ ಒಯ್ದು, ಒಯ್ದ ತಾರೀಕನ್ನು ಕೆಂಪು ಪೆನ್ಸಿಲ್ಲಿನಲ್ಲಿ ಬರೆದೆ. ಹಳೆಯ ಪುಟಗಳ ಅಂಕಿ ಅಳಿಸಿಲ್ಲ, ಅಂಚಿನಲ್ಲಿ "ಚಿಕ್ಕು" ಎಂದಿದೆ.

ಪುಸ್ತಕ ತುಂಬಿದ ಮೇಲೆ ಒಟ್ಟು ಮೊತ್ತವನ್ನೇ ನೋಡುತ್ತ ಕೂರಬೇಡಿ. ನಮ್ಮ ಹಿರಿಯರು "ನೂರಿಂಚು ಮಳೆ" ಎನ್ನುತ್ತಿದ್ದರು, ಸುಮಾರು 2540 ಮಿ.ಮೀ. ಅದು ನೂರು ದಿನದಲ್ಲಿ ಹದವಾಗಿ ಬಂದರೂ ನೂರಿಂಚೇ, ನಲವತ್ತು ದಿನದಲ್ಲಿ ಜರ್ರನೆ ಸುರಿದರೂ ನೂರಿಂಚೇ. ದಿನಗಳನ್ನು ಎಣಿಸಿ. ಇಲಾಖೆಯ ಲೆಕ್ಕದಲ್ಲಿ 2.5 ಮಿ.ಮೀ. ಆದರೆ ಮಳೆ ದಿನ, 64.5 ದಾಟಿದರೆ ಭಾರಿ, 115.6ರಿಂದ ಅತಿ ಭಾರಿ, 204.5 ಮುಟ್ಟಿದರೆ ಅತ್ಯಂತ ಭಾರಿ. ತಿಂಗಳಿಗೊಂದು ಸಾಲು ಮಾಡಿ ಪ್ರತಿಯೊಂದರ ದಿನ ಎಷ್ಟು ಎಂದು ಬರೆಯಿರಿ. ಇನ್ನೊಂದು ಕಂಬದಲ್ಲಿ (ಕಾಲಂನಲ್ಲಿ), ಜೂನ್-ಜುಲೈಯಲ್ಲಿ ಬಿಡದೆ ಸುರಿದ ಅತಿ ಉದ್ದದ ಸರಣಿ ಮತ್ತು ಅತಿ ಉದ್ದದ ಹೊಳವು (ಮಳೆ ಬಿಟ್ಟ ದಿನಗಳು). ಕೊಳೆರೋಗಕ್ಕೆ ಬೋರ್ಡೋ ಮದ್ದು ಹೊಡೆಯುವವರಿಗೆ ಈ ಕಂಬವೇ ಪಂಚಾಂಗ.

ಪಂಚಾಂಗ ಎಂದಾಗ ನೆನಪಾಯಿತು. "ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರಾ" ಎಂಬ ಗಾದೆ ಹಿಡಿದು, ಈಗ ಮಳೆ ನಕ್ಷತ್ರವೆಲ್ಲ ತಪ್ಪಿದೆ, ಹವಾಮಾನ ಬದಲಾಗಿದೆ ಎನ್ನುವವರಿದ್ದಾರೆ. ಸ್ವಲ್ಪ ತಡೆಯಿರಿ. ಸೂರ್ಯ ಒಂದು ನಕ್ಷತ್ರ ಹೊಗುವ ದಿನ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಋತುವಿಗಿಂತ ಹಿಂದೆ ಬೀಳುತ್ತದೆ. ಏಳುನೂರು ವರ್ಷದ ಹಿಂದೆ ಆರಿದ್ರಾ ಈಗಿಗಿಂತ ಹತ್ತು ದಿನ ಮೊದಲೇ ಹುಟ್ಟುತ್ತಿತ್ತು. ಅದರ ತಪ್ಪನ್ನು ಇಂಗಾಲದ ತಲೆಗೆ ಕಟ್ಟಲಾಗದು.

ಈಗ ಜಗುಲಿಯ ವಾದ. "ಮುಂಚೆನೂ ಹಿಂಗೇ ಮಳೆ ಬತ್ತಿತ್ತು, ಹೊಸತೆಂತ ಇಲ್ಲೆ" ಎನ್ನುವವರಿಗೆ ನಿಮ್ಮ ಪುಸ್ತಕ ಬೀಸಿ ಗೆಲ್ಲಲಾರಿರಿ. ಹವಾಮಾನ ಎಂದರೆ ಕನಿಷ್ಠ 30 ವರ್ಷದ ಲೆಕ್ಕ. 2023ರ ಆಗಸ್ಟ್ ದೇಶಕ್ಕೆ 1901ರಿಂದೀಚೆಗಿನ ಅತಿ ಒಣ ಆಗಸ್ಟ್; ಅದೊಂದನ್ನೇ ಹಿಡಿದು ಬರ ಬಂತೆನ್ನುವುದೂ, ಮರುವರ್ಷ ಹೊಳೆ ಉಕ್ಕಿದ್ದು ಹಿಡಿದು ಪ್ರಳಯ ಎನ್ನುವುದೂ ನನ್ನ ಚಿಕ್ಕು ಮರದ ಕತೆಯೇ. ಗಟ್ಟಿಯಾಗಿ ಹೇಳಬಹುದಾದ ಮಾತು ಇದು: ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದಿಡಬಲ್ಲ ನೀರಾವಿ ಸುಮಾರು ನೂರಕ್ಕೆ 7ರಷ್ಟು ಹೆಚ್ಚುತ್ತದೆ, ಭೂಮಿ ಆಗಲೇ ಒಂದು ಡಿಗ್ರಿಗೂ ಮೇಲೆ ಬಿಸಿಯಾಗಿದೆ. ಸುರಿಯುವಾಗ ಜಾಸ್ತಿ ಸುರಿಯಲು ಸರಕು ಇದೆ. ಹವಾಮಾನ ವಿಜ್ಞಾನಿ ರಾಕ್ಸಿ ಮ್ಯಾಥ್ಯೂ ಕೋಲ್ ಅವರ ತಂಡ 2017ರಲ್ಲಿ ತೋರಿಸಿದ ಪ್ರಕಾರ 1950ರಿಂದ 2015ರ ನಡುವೆ ವಿಶಾಲ ಪ್ರದೇಶಕ್ಕೆ ಬೀಳುವ ವಿಪರೀತ ಮಳೆಯ ಘಟನೆಗಳು ಮೂರು ಪಟ್ಟಾಗಿವೆ. ಆದರೆ ಅದು ಮಧ್ಯ ಭಾರತದ ಲೆಕ್ಕ, ನಮ್ಮ ಘಟ್ಟದ್ದೆಂದು ಹೇಳಿಬಿಡಬೇಡಿ.

ಎದುರು ಬದಿಯವರೂ ಇದ್ದಾರೆ, ಎಲ್ಲಕ್ಕೂ ಹವಾಮಾನ ಬದಲಾವಣೆಯೇ ಕಾರಣ ಎನ್ನುವವರು. ಅಂಕೋಲೆಯ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದಾಗ ನಮ್ಮ ಜಗುಲಿ ಎರಡು ಭಾಗವಾಯಿತು: ಮಳೆಯೋ, ಹೆದ್ದಾರಿಗೆ ಬುಡ ಕಡಿದದ್ದೋ? ಅದೇ ತಿಂಗಳ ಕೊನೆಗೆ ವಯನಾಡಿನಲ್ಲಿ ಊರುಗಳೇ ಕೊಚ್ಚಿಹೋದವು. ಅಲ್ಲಿಯ ಮಳೆಯ ಬಗ್ಗೆ ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ಎಂಬ ವಿಜ್ಞಾನಿಗಳ ತಂಡ ಲೆಕ್ಕ ಹಾಕಿ, ಬಿಸಿಯಾದ ಹವೆಯಿಂದ ಆ ಒಂದು ದಿನದ ಸುರಿತ ಸುಮಾರು ನೂರಕ್ಕೆ 10ರಷ್ಟು ಹೆಚ್ಚಿತ್ತು ಎಂದಿತು. ಹತ್ತು ಮಾತ್ರ. ಉಳಿದದ್ದು ಹೇಗೂ ಬರುತ್ತಿತ್ತು, ಬರುವ ಜಾಗದಲ್ಲಿ ನಾವು ಏನು ಮಾಡಿಟ್ಟಿದ್ದೇವೆ ಎಂಬುದು ಬೇರೆ ಪ್ರಶ್ನೆ. ಹಾಗೆಂದು ಹತ್ತು ಸಣ್ಣದಲ್ಲ. ತುಂಬಿದ ಹಂಡೆಗೆ ಕೊನೆಯ ಚೊಂಬೂ ಸಣ್ಣದೇ.

ಪುಸ್ತಕ ನಿಜವಾಗಿ ಕೆಲಸಕ್ಕೆ ಬರುವುದು ಬೆಳೆವಿಮೆಗೆ. ಹವಾಮಾನ ಆಧಾರಿತ ವಿಮೆಯಲ್ಲಿ ನಿಮ್ಮ ತೋಟದ ಫಸಲನ್ನು ಯಾರೂ ನೋಡುವುದಿಲ್ಲ. ಪಂಚಾಯ್ತಿಗೆ ಗೊತ್ತುಮಾಡಿದ ಮಾಪಕದ ಅಂಕಿಯೇ ಪರಿಹಾರ ನಿರ್ಧರಿಸುತ್ತದೆ. ಅಡಿಕೆ, ಕಾಳುಮೆಣಸಿನಂಥ ಬೆಳೆಗೆ ರೈತರ ಪಾಲು ವಿಮಾ ಮೊತ್ತದ ನೂರಕ್ಕೆ 5. ಆ ಮಾಪಕದೊಳಗೆ ಪುಟ್ಟ ದೋಣಿಯಂಥ ಬಟ್ಟಲಿದೆ, ತುಂಬಿದಾಗೊಮ್ಮೆ ಮಗುಚಿ ಲೆಕ್ಕ ಕಳಿಸುತ್ತದೆ. ಜೇಡ ಗೂಡು ಕಟ್ಟಿದರೆ, ತರಗೆಲೆ ಬಿದ್ದರೆ ಬಟ್ಟಲು ಮಗುಚುವುದಿಲ್ಲ. ನಮ್ಮ ಕಡೆ ಒಂದು ಜುಲೈಯಲ್ಲಿ ಸತತ ಒಂಬತ್ತು ದಿನ ಸೊನ್ನೆ ತೋರಿಸಿತು, ನನ್ನ ಕ್ಯಾನು ದಿನಾ ಅರ್ಧಕ್ಕೆ ಬರುತ್ತಿತ್ತು. ವಿಮೆಯವರಿಗೆ ನಿಮ್ಮ ಪುಸ್ತಕ ದಾಖಲೆಯಲ್ಲ, ನಿಜ. ಆದರೆ ಮೂರನೇ ದಿನವೇ ನಾಲ್ಕು ಮನೆಯ ಅಂಕಿ ಸೇರಿಸಿ, ತಾರೀಕು ಹಾಕಿ, ಮಾಪಕ ಕೆಟ್ಟಿದೆ ಎಂದು ಬರೆದುಕೊಟ್ಟು ಸ್ವೀಕೃತಿ ಪಡೆದರೆ ಅದು ದಾಖಲೆ. ನಾವು ಬರೆದದ್ದು ಮಳೆಗಾಲ ಮುಗಿದ ಮೇಲೆ. ಏನೂ ಸಿಗಲಿಲ್ಲ. ಈಗ ವಾರಕ್ಕೊಮ್ಮೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಅಂಕಿಯನ್ನು ನಮ್ಮದರ ಪಕ್ಕ ಇಟ್ಟು ನೋಡುತ್ತೇವೆ.

ಗ್ರಾಮಸಭೆಗೂ ಒಯ್ಯಿರಿ. ಭಾರತ 2070ಕ್ಕೆ ಇಂಗಾಲದ ಹೊಗೆ ನಿವ್ವಳ ಶೂನ್ಯ ಎಂದು ಗ್ಲಾಸ್ಗೋದ ಹವಾಮಾನ ಸಮ್ಮೇಳನದಲ್ಲಿ ಹೇಳಿದ್ದನ್ನು ಅಲ್ಲಿ ಓದಿದರೆ ಆಕಳಿಸುತ್ತಾರೆ. "ಮೂರು ವರ್ಷದಲ್ಲಿ ಹನ್ನೊಂದು ದಿನ 115 ದಾಟಿದೆ, ಈ ಮೋರಿಯ ಪೈಪು ಸಾಲದು" ಎಂದರೆ ಎಂಜಿನಿಯರು ಪೆನ್ನು ತೆಗೆಯುತ್ತಾರೆ. ಅವರು ಗಂಟೆಗೆಷ್ಟು ಎಂದು ಕೇಳಿಯೇ ಕೇಳುತ್ತಾರೆ, ಹಾಗಾಗಿ ಜೋರು ಮಳೆಯಲ್ಲಿ ಒಂದೆರಡು ಬಾರಿ ಗಂಟೆಗೊಮ್ಮೆ ಅಳೆದಿಟ್ಟಿರಿ.

ಅಘನಾಶಿನಿ ದಂಡೆಯ ತವರಿನಲ್ಲಿ ನನ್ನ ತಮ್ಮನೂ ಕ್ಯಾನು ಇಟ್ಟಿದ್ದಾನೆ. ಅವನ ಪುಸ್ತಕದಲ್ಲಿ ಒಂದು ಕಂಬ ಹೆಚ್ಚು: ಭರತ-ಇಳಿತದ ಹೊತ್ತು. ಹೊಳೆ ಸಮುದ್ರ ಸೇರುವ ಕಡೆಯ ಉಪ್ಪುನೀರಿನ ಗಜನಿ ಗದ್ದೆಯವರಿಗೆ ಮಳೆಯೊಂದೇ ಸಾಲದು, ಭಾರಿ ಮಳೆ ಭರತದ ಹೊತ್ತಿಗೆ ಬಂದರೆ ಹೊಳೆಯ ನೀರಿಗೆ ಹೋಗಲು ದಾರಿಯಿಲ್ಲ. 1901ರಿಂದ 2018ರೊಳಗೆ ಜಗತ್ತಿನ ಸಮುದ್ರಮಟ್ಟ ಸರಾಸರಿ 20 ಸೆಂ.ಮೀ. ಏರಿದೆ, ಒಂದು ಗೇಣು. ಗಜನಿಯ ಕಟ್ಟು ಎಷ್ಟು ಗೇಣಿನದೆಂದು ಅವನಿಗೆ ಗೊತ್ತು. ಕರಾವಳಿಯವರು ಈ ಕಂಬ ಬಿಡಬೇಡಿ.

ಮೇ ಕೊನೆಗೆ ಫನಲ್ ತೊಳೆಯಿರಿ, ಒಳಗೆ ಕಣಜದ ಹುಳ ಮಣ್ಣು ಮೆತ್ತಿರುತ್ತದೆ. ಎಂ-ಸೀಲ್ ಬಿರುಕು ಬಿಟ್ಟಿದೆಯೇ ಎಂದು ಒಂದು ಚೊಂಬು ನೀರು ಹೊಯ್ದು ನೋಡಿ. ಕತ್ತರಿಸಿಟ್ಟ ಪೈಪಿನಲ್ಲಿ ಎರಡು ತುಂಡು ಇನ್ನೂ ನಮ್ಮ ಅಟ್ಟದ ಮೇಲಿದೆ, ಮಿರಗ ಹುಟ್ಟುವ ಮೊದಲು ಬಂದವರಿಗೆ.