ತವರವಿಲ್ಲ, ಕ್ಲೋರಿನ್ ಇಲ್ಲ: ಬದಿಯಡ್ಕದಲ್ಲಿ ಮಾಡಿದ ಪಾಲಿಮರ್

ಪಿ3ಎಚ್‌ಟಿ ಎಂಬ ಬೆಳಕು ಹೀರುವ ಪಾಲಿಮರ್ ಎಂದರೆ, ಪಾಲಿಮರ್ ಬಳಿದು ಸೋಲಾರ್ ಸೆಲ್ ಮಾಡುವ ನಮ್ಮ ಕ್ಷೇತ್ರದವರು ಮೂಗು ಮುರಿಯುತ್ತಾರೆ. 2019ರಲ್ಲಿ, ಪಾಲಿಮರ್ ಜೊತೆ ಬೆರೆಸುವ ವೈ6 ಎಂಬ ಅಣು ಬಂದು ದಕ್ಷತೆ ಶೇ. 15 ದಾಟಿದ ಮೇಲಂತೂ 'ಇನ್ನೂ ಆ ಹಳೇ ಪಾಲಿಮರಿಗೇ ಜೋತುಬಿದ್ದಿದ್ದೀಯಾ ಮಾರಾಯ' ಎಂದು ನಕ್ಕವರೇ ಹೆಚ್ಚು. ನಗಲಿ. ವೈ6ಗೆ ಜೋಡಿಯಾಗುವ ಹೊಸ ಪಾಲಿಮರ್ ಪಿಎಂ6 ತರಿಸುವಷ್ಟು ದುಡ್ಡು ನನ್ನಲ್ಲಿಲ್ಲ. ಅದನ್ನು ಸ್ಟಿಲ್ಲೆ ವಿಧಾನದಲ್ಲಿ ಮಾಡಿಕೊಳ್ಳೋಣವೆಂದರೆ ವಿಷಕಾರಿ ತವರದ ಸಂಯುಕ್ತಗಳು. ಎಂಡೋಸಲ್ಫಾನ್ ಸುರಿದ ಗೇರು ತೋಟಗಳ ಕಾಸರಗೋಡು ಜಿಲ್ಲೆ ನಮ್ಮದು. ನಾನು ಪ್ರಯೋಗ ಮಾಡುವ ಕೊಟ್ಟಿಗೆಯಿಂದ ಸ್ವಲ್ಪ ವಾಸನೆ ಬಂದರೂ ನೆರೆಯವರು 'ಅದೆಂತ ಬಾಟ್ಲಿ?' ಎಂದು ಕೇಳುತ್ತಾರೆ. ಕೇಳಲೇಬೇಕು.

ಮೊದಲು ಹಿಡಿದದ್ದು ಗ್ರಿಮ್ ದಾರಿ: ಮೆಗ್ನೀಸಿಯಮ್ಮಿನ ಗ್ರಿಗ್ನಾರ್ಡ್ ಸಂಯುಕ್ತದಿಂದ ಪಾಲಿಮರ್ ಕಟ್ಟುವುದು, ನೀರು ತಾಗಿದರೆ ಅದು ಕೆಟ್ಟಿತು. ಆಟಿಯ ಮಳೆಯಲ್ಲಿ ಗ್ರಿಗ್ನಾರ್ಡ್! ಗೋಡೆಯೇ ಬೆವರುವಾಗ ದ್ರಾವಕವಾದ ಟಿಎಚ್‌ಎಫ್ ಎಷ್ಟು ಒಣಗಿಸಿದರೂ ಅಷ್ಟಕ್ಕಷ್ಟೆ. ತಲಪಾಡಿ ದಾಟಿ ಮಂಗಳೂರಿನಿಂದ ತರಿಸಿದ ಆರ್ಗಾನ್, ಮಾನೊಮರ್, ಬಾಡಿಗೆ ಎಲ್ಲ ಸೇರಿ 40 ಸಾವಿರದಷ್ಟು ನೀರಿಗೆ ಹೋಯಿತು. ಸಿಕ್ಕಿದ್ದು ಅಂಟಂಟಾದ ಚಿಕ್ಕ ಸರಪಳಿಗಳು.

ಆಮೇಲೆ ಡೈರೆಕ್ಟ್ ಆರಿಲೇಶನ್, ಮಾನೊಮರುಗಳನ್ನು ನೇರವಾಗಿ ಕೊಂಡಿ ಹಾಕುವ ವಿಧಾನ. 2-ಬ್ರೋಮೋ-3-ಹೆಕ್ಸೈಲ್‌ಥಯೋಫೀನ್, ಪಲ್ಲಾಡಿಯಂ, ಕಾರ್ಬೊನೇಟ್, ಒತ್ತಡ ತಡೆಯುವ ಮುಚ್ಚಿದ ಟ್ಯೂಬು, 120 ಡಿಗ್ರಿ. ತವರವೂ ಇಲ್ಲ, ಮೆಗ್ನೀಸಿಯಮ್ಮೂ ಇಲ್ಲ. ಶುರುವಿನ ಬ್ಯಾಚುಗಳು ಮಾತ್ರ ಯಾವುದರಲ್ಲೂ ಕರಗದ ಕರಿಗಡ್ಡೆಗಳು. ಥಯೋಫೀನ್ ಉಂಗುರದ ಬೀಟಾ ಜಾಗದಲ್ಲೂ, ಅಂದರೆ ಬೇಡದ ಕಡೆಯಲ್ಲೂ, ಬಂಧ ಬಿದ್ದು ಸರಪಳಿ ಕವಲೊಡೆಯುತ್ತಿತ್ತು. ಪಿವಾಲಿಕ್ ಆಮ್ಲ ಸೇರಿಸಿದ್ದೇ, ಉಪದ್ರ ಬಹುಪಾಲು ನಿಂತಿತು. ಎಷ್ಟು, ಯಾವಾಗ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನಾನು ಬೆಲೆ ತೆತ್ತಿದ್ದೇನೆ. ದ್ರಾವಕ 2-ಮೀಥೈಲ್ ಟಿಎಚ್‌ಎಫ್, ಜೋಳದ ದಿಂಡು, ಕಬ್ಬಿನ ಸಿಪ್ಪೆಯ ಫರ್ಫ್ಯುರಲ್‌ನಿಂದಲೂ ಆಗುವಂಥದ್ದು. ಸಾಕ್ಸ್‌ಲೆಟ್‌ನಲ್ಲಿ ಪಾಲಿಮರ್ ತೊಳೆದು ಶುದ್ಧ ಮಾಡಲು ಹೆಕ್ಸೇನ್ ಬದಲು ಹೆಪ್ಟೇನ್, ಕ್ಲೋರಿನ್ ಇರುವ ಕ್ಲೋರೋಫಾರ್ಮ್ ಬದಲು ಟಾಲ್ವೀನ್. ಕೈಗೆ ಬಂದ ಪಾಲಿಮರಿಗೆ ಗ್ರಾಂಗೆ ಆರೇಳು ಸಾವಿರ ಬಿದ್ದಿರಬಹುದು. ಪೇಟೆಯಲ್ಲಿ ಒಳ್ಳೆಯದಕ್ಕೆ 30 ಸಾವಿರದ ಮೇಲೆ.

ಪಾಲಿಮರನ್ನು ಗಾಜಿನ ಮೇಲೆ ಬಳಿಯುವುದು ಆರ್ಥೋ-ಕ್ಸೈಲೀನ್‌ನಲ್ಲಿ, ಬಯಲು ಗಾಳಿಯಲ್ಲೇ, ಬ್ಲೇಡಿನಿಂದ. ಗಾಜು 60 ಡಿಗ್ರಿಯಲ್ಲಿರಬೇಕು. ಒದ್ದೆ ಪದರ ಮೊದಲು ಕಿತ್ತಳೆ ಬಣ್ಣ. ಅಂಚಿನಿಂದ ನೇರಳೆ ಶುರುವಾಗಿ ನಡುವಿಗೆ ಹರಿಯುತ್ತದೆ. ಅದು ಒಂದೇ ಸಮ ಹರಿದರೆ ಆ ಸೆಲ್ ಕೆಲಸ ಮಾಡುತ್ತದೆ, ತೇಪೆ ತೇಪೆಯಾದರೆ ಬಿಸಾಡಿ, ಮೀಟರ್ ಬೇಕಿಲ್ಲ. ಲಿಮೊನೀನ್‌ನಲ್ಲೂ ನೋಡಿದೆ. ಕೊಟ್ಟಿಗೆಯೆಲ್ಲ ಕಿತ್ತಳೆ ಹಣ್ಣಿನ ಪರಿಮಳ, ಪದರ ಮಾತ್ರ ಒಣಗುವುದೇ ಇಲ್ಲ. ತೆಂಗಿನ ಚಿಪ್ಪಿನ ಕರಿಯಿಂದ ಎಲೆಕ್ಟ್ರೋಡ್ ಮಾಡುವ ಹುಚ್ಚೂ ಹಿಡಿದಿತ್ತು: ರೋಧ ವಿಪರೀತ, ಫಿಲ್ ಫ್ಯಾಕ್ಟರ್ (ಸೆಲ್ಲಿನ ವೋಲ್ಟೇಜು, ಕರೆಂಟು ಎಷ್ಟರಮಟ್ಟಿಗೆ ಬಳಕೆಗೆ ಸಿಗುತ್ತದೆಂಬ ಅಳತೆ) ಪಾತಾಳಕ್ಕೆ. ಹಾಗಾಗಿ ಬೆಳ್ಳಿಯೇ ಗತಿ. ಅದನ್ನು ಮಂಗಳೂರಿನ ಸ್ನೇಹಿತರೊಬ್ಬರ ನಿರ್ವಾತ ಚೇಂಬರಿನಲ್ಲಿ ಕೂರಿಸುತ್ತೇನೆ, ಬದಲಿಗೆ ಅವರಿಗೆ ಜೇನು.

ಪಾಲಿಮರಿನಿಂದ ಎಲೆಕ್ಟ್ರಾನ್ ಪಡೆಯುವ, ಫುಲರೀನ್ (ಚೆಂಡಿನಾಕಾರದ ಇಂಗಾಲದ ಅಣು) ಜಾತಿಯ ಪಿಸಿಬಿಎಂ ಜೊತೆ 0.58 ವೋಲ್ಟ್, ಚದರ ಸೆಂಟಿಮೀಟರಿಗೆ 8 ಮಿಲಿಆಂಪಿಯರ್ ಆಸುಪಾಸು, ದಕ್ಷತೆ ಶೇ. 2.6ರ ಹತ್ತಿರ. ಮಧ್ಯಾಹ್ನದ ಬಿಸಿಲಿನಲ್ಲಿ, ಅಳತೆ ಗೊತ್ತಿರುವ ಸಿಲಿಕಾನ್ ಸೆಲ್ ಪಕ್ಕಕ್ಕಿಟ್ಟು ತೆಗೆದ ಲೆಕ್ಕ. ಅದೇ ದಿನ, ಅದೇ ಗಾಜಿನ ಮೇಲೆ, ದುಡ್ಡು ಕೊಟ್ಟು ತಂದ ಪಾಲಿಮರ್ ನನ್ನದಕ್ಕಿಂತ ಕೂದಲೆಳೆಯಷ್ಟು ಹಿಂದೆ! ನಕ್ಕವರಿಗೆ ಆ ಗ್ರಾಫ್ ಕಳಿಸಿದ್ದೇನೆ.

ಈಗ ದುಬಾರಿ ಎಂದರೆ ಪಿಸಿಬಿಎಂ ಒಂದೇ. ಫುಲರೀನ್ ಅಲ್ಲದ ಐಡಿಟಿಬಿಆರ್ ಜೊತೆ ಇದೇ ಪಿ3ಎಚ್‌ಟಿ ಶೇ. 6 ದಾಟಿದ್ದು 2016ರಷ್ಟು ಹಿಂದೆಯೇ ವರದಿಯಾಗಿದೆ. ಅದನ್ನು ತರಿಸಲು ವಿಚಾರಿಸಿದೆ. ದರ ಕೇಳಿ ಫೋನ್ ಇಟ್ಟೆ. ಈ ಸಲದ ಅಡಿಕೆ ಮಾರಿ ಆಗಲಿ, ಮತ್ತೆ ಫೋನ್ ಮಾಡುವವನಿದ್ದೇನೆ.