‘ಮನುಷ್ಯ’ ಎಂದು ಬರೆದು ಎಡವಿದ್ದು

ಪಿಯುಸಿ ಮಕ್ಕಳಿಗೆ ಇತಿಹಾಸ ಹೇಳುವವನು ನಾನು. ಕ್ರಾಂತಿಗಳ ಪಾಠ ಬಂದಾಗ ಬಹಳ ವರ್ಷ ನೋಟ್ಸ್ ಬರೆಸಿದ್ದೇ ಬರೆಸಿದ್ದು: ರಾಜಕೀಯ ಕಾರಣ, ಆರ್ಥಿಕ ಕಾರಣ, ಬೌದ್ಧಿಕ ಕಾರಣ. ಬೌದ್ಧಿಕ ಅಂದರೆ ಲಾಕ್, ಮಾಂಟೆಸ್ಕ್ಯೂ, ರೂಸೋ ಅನ್ನುವ ಯುರೋಪಿನ ಚಿಂತಕರು. ಯಾರೋ ಪುಸ್ತಕ ಬರೆದರು, ಜನ ಓದಿ ದಂಗೆ ಎದ್ದರು ಅನ್ನೋ ಹಾಗೆ. ಅದು ಹೇಗೆ ಅಂತ ಮಕ್ಕಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಎರಡು ವರ್ಷದ ಹಿಂದೆ ಮೂಲದ ಸಾಲುಗಳನ್ನೇ ಕನ್ನಡಕ್ಕೆ ಮಾಡಿಕೊಂಡು ಹೋದೆ. ಒಂದು, ಸರ್ಕಾರದ ಬಗ್ಗೆ ಜಾನ್ ಲಾಕ್ 1689ರಲ್ಲಿ ತನ್ನ ಹೆಸರು ಹಾಕದೆ ಅಚ್ಚು ಮಾಡಿಸಿದ ಪುಸ್ತಕ. ಇನ್ನೊಂದು, 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆ. ಜೆರಾಕ್ಸ್ ತೆಗೆಸಿ, ಸಾಲು ಸಾಲಾಗಿ ಕತ್ತರಿಸಿ ಹಂಚಿದೆ. ಯಾವುದು ಯಾರದ್ದು ಬೇರೆ ಮಾಡಿ ಅಂದರೆ ಮಕ್ಕಳು ತಬ್ಬಿಬ್ಬು. ‘ಲಾಂಗ್ ಟ್ರೈನ್ ಆಫ್ ಅಬ್ಯೂಸಸ್’ ಅನ್ನುವ ಮಾತು ಎರಡರಲ್ಲೂ ಇದೆ. ಬೋರ್ಡಿನ ಮೇಲೆ ಬರೆದು ತೋರಿಸಿದೆ. ಹಿಂದಿನ ಬೆಂಚಿನಿಂದ ಪ್ರಶ್ನೆ: “ಸರ್, ಆಗ್ಲೇ ರೈಲು ಇತ್ತಾ?”

ರೈಲಲ್ಲ ಮಾರಾಯ, ಸಾಲು. ಸಣ್ಣಪುಟ್ಟ ತಪ್ಪಿಗೆಲ್ಲ ಜನ ಏಳುವುದಿಲ್ಲ, ಸಹಿಸಿಕೊಳ್ಳುತ್ತಾರೆ. ಒಂದೇ ಗುರಿಯ ದಬ್ಬಾಳಿಕೆಗಳು ಸಾಲುಗಟ್ಟಿ ಬಂದಾಗ ಮಾತ್ರ ಏಳುತ್ತಾರೆ ಅನ್ನುವುದು ಲಾಕ್‌ನ ವಾದ. ಅಮೆರಿಕದ ಘೋಷಣೆಯ ಕರಡು ಬರೆದ ಜೆಫರ್ಸನ್ ಆ ವಾದವನ್ನೇ ಹಿಡಿದ. ಸಾಲು ಇದೆ ಅಂತ ತೋರಿಸುವುದಕ್ಕೇ ಬ್ರಿಟನ್ನಿನ ರಾಜ ಮೂರನೇ ಜಾರ್ಜ್ ಮೇಲೆ 27 ದೂರು. “ತಹಶೀಲ್ದಾರರಿಗೆ ಕೊಡೋ ಅರ್ಜಿ ಇದ್ದಂಗಿದೆ ಸರ್” ಅಂದ ಒಬ್ಬ. ಹೌದು, ಆದರೆ ಕೊನೆಯಲ್ಲಿ ‘ತಮ್ಮ ವಿಧೇಯ’ ಇಲ್ಲ ನೋಡು ಅಂದೆ.

ಫ್ರಾನ್ಸ್‌ಗೆ ಬಂದಾಗ ಧೈರ್ಯ ಬಂದಿತ್ತು. 1789ರ ಆಗಸ್ಟ್ 26ರ ಹಕ್ಕುಗಳ ಘೋಷಣೆಯಲ್ಲಿ 17 ವಿಧಿಗಳು. ಕಾನೂನು ಅಂದರೆ ಜನರೆಲ್ಲರ ಒಟ್ಟು ಇಚ್ಛೆ ಅನ್ನುವ 6ನೆಯದರಲ್ಲಿ ರೂಸೋ ಕೂತಿದ್ದಾನೆ. ಅಧಿಕಾರ ಬೇರ್ಪಡದ ಸಮಾಜಕ್ಕೆ ಸಂವಿಧಾನವೇ ಇಲ್ಲ ಅನ್ನುವ 16ನೆಯದರಲ್ಲಿ ಮಾಂಟೆಸ್ಕ್ಯೂ. ಇದನ್ನು ಮಕ್ಕಳೇ ಹುಡುಕಿದರು.

ಎಡವಿದ್ದು ಮೊದಲನೇ ವಿಧಿಯಲ್ಲಿ. “ಮನುಷ್ಯರು ಹುಟ್ಟಿನಿಂದ ಸ್ವತಂತ್ರರು, ಹಕ್ಕುಗಳಲ್ಲಿ ಸಮಾನರು” ಅಂತ ಬರೆದಿದ್ದೆ. ಮುಂದಿನ ಬೆಂಚಿನ ಹುಡುಗಿ ಕೇಳಿದಳು, “ಹಂಗಾದ್ರೆ ಹೆಂಗಸರಿಗೂ ಆಗ್ಲೇ ಓಟು ಬಂತಾ ಸರ್?” ಇಲ್ಲಮ್ಮ, ಅಲ್ಲಿ ಅದು ಸಿಕ್ಕಿದ್ದು 1944ರಲ್ಲಿ. ಫ್ರೆಂಚಿನ ‘ಓಮ್’ ಅಂದರೆ ಮನುಷ್ಯ, ಗಂಡಸು ಎರಡೂ. ನಮ್ಮ ‘ಮನುಷ್ಯ’ದಲ್ಲಿ ಆ ಬಿರುಕು ಕಾಣುವುದೇ ಇಲ್ಲ; ಅವರ ತಪ್ಪಿಗೆ ನಾನು ಗಾರೆ ಬಳಿದಿದ್ದೆ.

ಮರುವರ್ಷ ಫ್ರೆಂಚ್ ಲೇಖಕಿ ಓಲಾಂಪ್ ದ ಗೂಜ್‌ಳನ್ನೂ ಸೇರಿಸಿದೆ. 1791ರಲ್ಲಿ ಆಕೆ ಆ ಘೋಷಣೆಯನ್ನೇ ಹೆಂಗಸಿನ ಹೆಸರಲ್ಲಿ ತಿರುಗಿ ಬರೆದಳು: ವಧಾಸ್ಥಾನ ಏರುವ ಹಕ್ಕು ಹೆಂಗಸಿಗಿದೆ ಅಂದಮೇಲೆ ಭಾಷಣದ ವೇದಿಕೆ ಏರುವ ಹಕ್ಕೂ ಇರಬೇಕು. 1793ರ ನವೆಂಬರಿನಲ್ಲಿ ಆಕೆಯನ್ನು ಗಿಲೊಟಿನ್‌ಗೆ ಏರಿಸಿದರು. ಜೆಫರ್ಸನ್‌ನ ಕರಡಿನಲ್ಲಿ ಗುಲಾಮರ ವ್ಯಾಪಾರವನ್ನು ಬೈದಿದ್ದ ಭಾಗವನ್ನು ಕಾಂಗ್ರೆಸ್, ಅಂದರೆ ಅಲ್ಲಿನ ಪ್ರತಿನಿಧಿಗಳ ಸಭೆ, ಹೊಡೆದುಹಾಕಿದ್ದನ್ನೂ ಹೇಳಿದೆ. ಬೈದವನ ಜಮೀನಿನಲ್ಲೂ ದುಡಿಯುತ್ತಿದ್ದವರು ಗುಲಾಮರೇ.

ಈಗ ‘ಓಮ್’ ಬಂದ ಕಡೆ ಜಾಗ ಖಾಲಿ ಬಿಟ್ಟು ಹಂಚುತ್ತೇನೆ. ಏನು ತುಂಬಬೇಕು ಅನ್ನುವ ಜಗಳದಲ್ಲೇ ಒಂದು ಪೀರಿಯಡ್ ಹೋಗುತ್ತದೆ. ಪೋರ್ಷನ್ ಮುಗಿಯುತ್ತಿಲ್ಲ ಅಂತ ಬೈಸಿಕೊಳ್ಳುವುದೂ ನಡೆದೇ ಇದೆ.